ಅಂಚೆಯಲ್ಲಿ ಕುಸುರೆಳ್ಳು ಪುಡಿಯಾಗದೆ ಮುಟ್ಟುವುದು ಹೇಗೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಈ ಪ್ರಶ್ನೆ ತಪ್ಪುವುದಿಲ್ಲ. "ಮನ್ಯಾಗ ಮಾಡಿದ ಸಂಕ್ರಮಣದ ಕಾರ್ಡಿನಾಗ ನಾಕು ಕುಸುರೆಳ್ಳು ಹಾಕಿ ಅಂಚೆಗೆ ಹಾಕಿದ್ರ, ಮುಟ್ಟೂದ್ರಾಗ ಪುಡಿ ಆಗಿರ್ತಾವ, ಕಾರ್ಡೂ ಮುದುಡಿರ್ತದ. ಏನು ಮಾಡಬೇಕ್ರಿ?" ಬೆಳಗಾವಿಯವರು ಕೇಳುವುದೂ ಇದನ್ನೇ, ವಿಜಯಪುರ, ಬಾಗಲಕೋಟೆಯವರು ಕೇಳುವುದೂ ಇದನ್ನೇ. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಪತ್ರದಾಗ ಏನಂತ ಬರೀಬೇಕು? ಬರಿಯೂದ ಮರತು ಹೋಗೇದ." ಎರಡಕ್ಕೂ ಇಲ್ಲಿ ಉತ್ತರವಿದೆ.

ಕುಸುರೆಳ್ಳು, ಅಂದರೆ ಸಕ್ಕರೆ ಪಾಕದ ಮುಳ್ಳು ಎದ್ದ ಎಳ್ಳು, ಇಡಿಯಾಗಿ ಮುಟ್ಟುತ್ತದೆ, ಕಾರ್ಡೂ ಚಂದಾಗಿ ಮುಟ್ಟುತ್ತದೆ. ಆದರೆ ಕೆಲಸವನ್ನು ಚಿತ್ರದಿಂದ ಶುರು ಮಾಡಬಾರದು, ಪಾಕೀಟಿನಿಂದ (ಲಕೋಟೆಯಿಂದ) ಶುರು ಮಾಡಬೇಕು. ಬಹಳ ಜನ ಮೊದಲು ಹೂವು, ಚಮಕಿ, ಬಣ್ಣ ಎಲ್ಲ ಹಚ್ಚಿ ಮುಗಿಸಿ, ಕೊನೆಗೆ ಅದಕ್ಕೆ ಹೊಂದುವ ಪಾಕೀಟು ಹುಡುಕಲು ಹೊರಡುತ್ತಾರೆ. ಸಿಕ್ಕದ್ದು ಚಿಕ್ಕದಾದರೆ ಮೂಲೆ ಮಡಿಚುತ್ತಾರೆ, ದೊಡ್ಡದಾದರೆ ಕಾರ್ಡು ಒಳಗೆ ಓಡಾಡಿ ಓಡಾಡಿ ಮೂಲೆ ಚುಚ್ಚಿಕೊಂಡು ಹೊರಬರುತ್ತದೆ. ಅಂಚೆಯ ದಾರಿ ಹೇಗಿದೆ ಎಂದು ಮೊದಲೇ ತಿಳಿದು ಮಾಡಿದ ಕಾರ್ಡಿಗೆ ಈ ಪಾಡು ಬರುವುದಿಲ್ಲ.

ಆ ದಾರಿ ಹೀಗಿದೆ. ಡಬ್ಬಿಯೊಳಗೆ ನಿಮ್ಮ ಪಾಕೀಟಿನ ಮೇಲೆ ಬೇರೆ ಪಾಕೀಟು ಬೀಳುತ್ತವೆ. ಕಚೇರಿಯಲ್ಲಿ ಅಂಚೆಚೀಟಿಯ ಮೇಲೆ ಲೋಹದ ಠಸ್ಸೆ ಬೀಳುತ್ತದೆ, ಅದೂ ಸರಸರನೆ, ಜೋರಾಗಿ. ಆಮೇಲೆ ಊರುವಾರು ಕಟ್ಟು ಕಟ್ಟಿ ಸುತಲಿ ಬಿಗಿಯುತ್ತಾರೆ, ಚೀಲಕ್ಕೆ ತುಂಬುತ್ತಾರೆ, ಚೀಲದ ಮೇಲೆ ಚೀಲ ಒಟ್ಟುತ್ತಾರೆ. ಮುಟ್ಟಿದ ಊರಲ್ಲಿ ಪೋಸ್ಟ್‌ಮನ್ ಚೀಲ, ಕೊನೆಗೆ ಬಾಗಿಲ ಸಂದಿ. ಇಷ್ಟರಲ್ಲಿ ಕುಸುರೆಳ್ಳಿಗೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ಠಸ್ಸೆಯದು. ಠಸ್ಸೆ ಬೀಳುವ ಜಾಗ ನಮಗೆ ಗೊತ್ತೇ ಇದೆ: ಚೀಟಿ ಹಚ್ಚಿದ ಬಲಗಡೆಯ ಮೇಲಿನ ಮೂಲೆ. ಹಾಗಾದರೆ ಕುಸುರೆಳ್ಳು ಎಡಗಡೆಯ ಕೆಳಗಿನ ಮೂಲೆಯಲ್ಲಿರಬೇಕು. ಅರ್ಧ ಪ್ರಶ್ನೆಗೆ ಇಷ್ಟೇ ಉತ್ತರ. ಕಾರ್ಡಿನ ನಟ್ಟ ನಡುವೆ ಪುಡಿಕೆ ಅಂಟಿಸುವುದೇ ಎಲ್ಲರೂ ಮಾಡುವ ತಪ್ಪು. ನಡುವೆ ಅಂಟಿಸಿದರೆ ಸುತಲಿಯ ಬಿಗಿಯೂ ಅಲ್ಲೇ ಬೀಳುತ್ತದೆ.

ಈಗ ಅಳತೆ. ಎ4 ಹಾಳೆಯನ್ನು ಅರ್ಧ ಮಾಡಿದರೆ ಎ5, ಅಂದರೆ 148 ಮಿ.ಮೀ. ಅಗಲ, 210 ಮಿ.ಮೀ. ಉದ್ದ. ಆ ಎ5 ದಪ್ಪ ಹಾಳೆಯನ್ನು ನಡುವೆ ಮಡಿಚಿದರೆ 148 × 105 ಮಿ.ಮೀ. ಕಾರ್ಡು ಆಗುತ್ತದೆ. ಇದಕ್ಕೆ ಸಿ6 ಎಂಬ ಅಳತೆಯ ಪಾಕೀಟು, 162 × 114 ಮಿ.ಮೀ., ಸರಿಯಾಗಿ ಹೊಂದುತ್ತದೆ. ಸುತ್ತ ನಾಲ್ಕೈದು ಮಿ.ಮೀ. ಸಡಿಲು ಸಾಕು, ಬರೇ ಕಾರ್ಡಿಗೆ ಅಷ್ಟೇ ಬೇಕು. ಅಂಗಡಿಯಲ್ಲಿ ಸಿಗದಿದ್ದರೆ ಆ ಅಳತೆಯ ಹಳೆಯ ಪಾಕೀಟು ಒಂದರ ಅಂಟನ್ನು ಬಿಸಿ ನೀರಿನ ಹಬೆಗೆ ಹಿಡಿದು ಬಿಡಿಸಿ, ಹರಡಿ, ಅದನ್ನೇ ಅಚ್ಚಾಗಿ ಇಟ್ಟು ಕತ್ತರಿಸಿಕೊಳ್ಳಬಹುದು. ಅಥವಾ ಬಿಡಿಸಿದ ಪಾಕೀಟನ್ನೇ ಒಳಮಗ್ಗುಲು ಹೊರಗೆ ಮಾಡಿ ಮತ್ತೆ ಅಂಟಿಸಬಹುದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದ ಗಾಂಧೀಜಿ ಬಂದ ಪತ್ರಗಳ ಖಾಲಿ ಬೆನ್ನನ್ನೂ ಹರಿದ ಪಾಕೀಟುಗಳನ್ನೂ ಬರೆಯಲು ಬಳಸುತ್ತಿದ್ದರು. ಬೆಳಗಾವಿಯವರು ಹಳೆಯ ಪಾಕೀಟು ಮಗುಚುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಕ್ಯಾಲೆಂಡರ್ ಹಾಳೆಯಿಂದ ಮಾಡಿದ ಪಾಕೀಟು ನೋಡಲು ಚಂದ, ಆದರೆ ಅದರ ಮಿರುಗು ಮೈಗೆ ಅಂಚೆಚೀಟಿಯ ಅಂಟು ಹಿಡಿಯುವುದಿಲ್ಲ, ಠಸ್ಸೆಯ ಮಸಿ ಒರೆಸಿಕೊಂಡು ವಿಳಾಸದ ಮೇಲೆ ಹರಿದಾಡುತ್ತದೆ. ಚಿತ್ರದ ಬದಿ ಒಳಗೆ, ಬಿಳಿ ಬೆನ್ನು ಹೊರಗೆ ಬರುವಂತೆ ಮಾಡಿದರೆ ಎರಡೂ ತೊಂದರೆಯಿಲ್ಲ. ತೆರೆದಾಗ ಒಳಗೆ ಬಣ್ಣ ಕಾಣುವುದು ಮೇಲಿನ ಲಾಭ.

ದಪ್ಪ ಹಾಳೆ 250 ಜಿಎಸ್‌ಎಂ ಇರಲಿ. ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ ಅಷ್ಟು ಗ್ರಾಂ. 300ರ ಮೇಲೆ ಹೋದರೆ ಮಡಿಕೆ ಒಡೆಯುತ್ತದೆ, 180ಕ್ಕಿಂತ ಕೆಳಗೆ ಬಂದರೆ ಕಾರ್ಡು ನಿಲ್ಲುವುದಿಲ್ಲ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸುಗಳಲ್ಲಿ ಕತ್ತರಿಸಿ ಉಳಿದ ದಪ್ಪ ಹಾಳೆಯ ಪಟ್ಟಿಗಳು ರಾಶಿ ಬಿದ್ದಿರುತ್ತವೆ. ಕೇಳಿದರೆ ಕೊಡುತ್ತಾರೆ. ಮೈ ಮಿರುಗದ ಹಾಳೆ ಆರಿಸಿಕೊಳ್ಳಿ, ಮಿರುಗುವ ಹಾಳೆಯ ಮೇಲೆ ಮಸಿ ಪೆನ್ನು ಜಾರುತ್ತದೆ.

ಮಡಿಕೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಮನೆಯಲ್ಲಿ ಮಾಡಿದ ಕಾರ್ಡು "ಮನ್ಯಾಗ ಮಾಡಿದಂಗ" ಕಾಣುವುದು ಚಿತ್ರದಿಂದ ಅಲ್ಲ, ಒಡೆದ ಮಡಿಕೆಯಿಂದ. ಕಾಗದಕ್ಕೆ ಎಳೆ ಇರುತ್ತದೆ. ಕಾರ್ಖಾನೆಯಲ್ಲಿ ಹಾಳೆ ಹರಿದು ಬರುವಾಗ ನಾರುಗಳೆಲ್ಲ ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ಹಾಳೆಯನ್ನು ಅಂಗೈ ಮೇಲಿಟ್ಟು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಕಡಿಮೆ ಬಲಕ್ಕೆ ಬಾಗುತ್ತದೋ ಆ ಬಾಗಿನ ಸಾಲಿಗೆ ಎಳೆ ಇದೆ. ಮಡಿಕೆ ಆ ಸಾಲಿಗೇ ಬರಬೇಕು. ಎಳೆಗೆ ಅಡ್ಡ ಮಡಿಚಿದರೆ ನಾರು ಮುರಿಯುತ್ತವೆ, ಬೆನ್ನಿನ ಮೇಲೆ ಬಿಳಿ ಬಿರುಕು ಏಳುತ್ತದೆ. ಬಣ್ಣದ ಹಾಳೆಯಲ್ಲಂತೂ ಅದು ಎದ್ದು ಕಾಣುತ್ತದೆ. ಆದ್ದರಿಂದ ಎ4 ಹಾಳೆಯನ್ನು ಎರಡು ಮಾಡುವ ಮೊದಲೇ ಈ ಪರೀಕ್ಷೆ ಮಾಡಬೇಕು, ಕತ್ತರಿಸಿದ ಮೇಲೆ ಮಾಡಿ ಉಪಯೋಗವಿಲ್ಲ.

ಇನ್ನು ಗೀರು. ಎರಡೂ ಅಂಚಿಗೆ 105 ಮಿ.ಮೀ.ಗೆ ಪೆನ್ಸಿಲಿನ ಸಣ್ಣ ಗುರುತು ಹಾಕಿ. ಸ್ಟೀಲ್ ಪಟ್ಟಿ ಇಟ್ಟು, ಮಸಿ ತೀರಿದ ಬಾಲ್‌ಪೆನ್ನಿನ ರೀಫಿಲ್‌ನಿಂದ ಗುರುತಿನಿಂದ ಗುರುತಿಗೆ ಎರಡು ಸಲ ಎಳೆಯಿರಿ. ಒಂದೇ ಸಲ ಜೋರಾಗಿ ಎಳೆದರೆ ಹಾಳೆ ಕೊರೆಯುತ್ತದೆ, ಎರಡು ಸಲ ಹಗುರವಾಗಿ ಎಳೆದರೆ ತಗ್ಗು ಬೀಳುತ್ತದೆ. ಹಾಳೆಯ ಕೆಳಗೆ ಒಂದು ಹಳೆಯ ನೋಟಬುಕ್ಕು ಇರಲಿ, ಬರೇ ಕಲ್ಲಿನ ಮೇಲೆ ತಗ್ಗು ಏಳುವುದಿಲ್ಲ. ಗೀರಿದ ಬದಿಯಲ್ಲಿ ತಗ್ಗು, ಹಿಂದಿನ ಬದಿಯಲ್ಲಿ ಉಬ್ಬು. ಈಗ ಎಲ್ಲರೂ ತಗ್ಗಿನ ಕಡೆಗೇ ಮಡಿಚುತ್ತಾರೆ, ಅದು ಸಹಜವೆಂದು ಅನಿಸುತ್ತದೆ. ಆದರೆ ಮಡಿಚಬೇಕಾದದ್ದು ಉಬ್ಬಿನ ಕಡೆಗೆ. ಉಬ್ಬು ಕಾರ್ಡಿನ ಒಳಗೆ ಬರಬೇಕು, ತಗ್ಗು ಹೊರಗೆ ಬೆನ್ನಿನ ಮೇಲೆ ಬರಬೇಕು. ಗೀರಿನಿಂದ ಸಡಿಲಾದ ಪದರು ಒಳಗೆ ಉಬ್ಬಿಕೊಳ್ಳುವುದರಿಂದ ಹೊರಗಿನ ನಾರಿನ ಮೇಲೆ ಸೆಳೆತ ಬೀಳುವುದಿಲ್ಲ. ಒಮ್ಮೆ ಎರಡೂ ರೀತಿ ಮಡಿಚಿ ಬೆರಳು ಆಡಿಸಿ ನೋಡಿದರೆ ಸಾಕು, ಬಾಯಿಂದ ಹೇಳುವ ಗರಜೇ ಇಲ್ಲ. ಮಡಿಚಿದ ಮೇಲೆ ತೆರೆದ ಅಂಚಿನಲ್ಲಿ ಒಂದು ಮಿ.ಮೀ. ಹೆಚ್ಚುಕಡಿಮೆ ಬಂದಿದ್ದರೆ ಆಗ ಕತ್ತರಿಸಿ ಸರಿ ಮಾಡಿ.

ಅಂಟು ಯಾವುದು ಎಂಬುದು ಮುಂದಿನ ಮಾತು. ಮೈದಾ ಅಂಟಿಗೆ ಸಮ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಒಂದು ಚಮಚ ಮೈದಾಕ್ಕೆ ಆರು ಚಮಚ ತಣ್ಣೀರು. ಮೊದಲು ಎರಡು ಚಮಚ ನೀರಲ್ಲಿ ಗಂಟಿಲ್ಲದಂತೆ ಕಲಸಿ, ಉಳಿದ ನೀರು ಸೇರಿಸಿ, ಸಣ್ಣ ಉರಿಯಲ್ಲಿ ತಿರುವುತ್ತ ಎರಡು ಮೂರು ನಿಮಿಷ ಕಾಯಿಸಿ. ಬಿಳುಪು ಹೋಗಿ ಗಂಜಿಯಂತೆ ಮಸುಕಾಗಿ ಪಾರದರ್ಶಕವಾದಾಗ ಇಳಿಸಿ. ಬಿಸಿ ನೀರಿಗೆ ನೇರವಾಗಿ ಹಿಟ್ಟು ಹಾಕಿದರೆ ಗಂಟು ಕಟ್ಟುತ್ತದೆ, ಆ ಗಂಟು ಒಣಗಿದ ಮೇಲೆ ಕಾರ್ಡಿನ ಮೇಲೆ ಮೊಡವೆಯಂತೆ ನಿಲ್ಲುತ್ತದೆ. ಪುಸ್ತಕಕ್ಕೆ ರಟ್ಟು ಕಟ್ಟುವವರು ಹುಳು ಬರದಿರಲೆಂದು ಇದಕ್ಕೆ ಮೈಲುತುತ್ತ ಸೇರಿಸುತ್ತಿದ್ದರು. ನೀವು ಸೇರಿಸಬೇಡಿ, ಅದು ವಿಷ. ಕುಸುರೆಳ್ಳು ಇರುವ ಕಾರ್ಡು, ಮಕ್ಕಳು ಬಾಯಿಗೆ ಹಾಕುವ ಕೈ. ಅಂದಂದಿನ ಅಂಟು ಅಂದಂದೇ ಮಾಡಿ ಮುಗಿಸಿ. ಫೆವಿಕಾಲ್ ಬಳಸುವವರು ಬೆರಳತುದಿಯಲ್ಲಿ ತೆಳ್ಳಗೆ ಸವರಬೇಕು. ಯಾವ ಅಂಟಾದರೂ ನೀರು ಕುಡಿದ ಕಾಗದ ಹಿಗ್ಗಿ, ಒಣಗುವಾಗ ಕುಗ್ಗಿ, ಕಾರ್ಡನ್ನು ದೋಣಿಯಂತೆ ಎಳೆಯುತ್ತದೆ. ಅದಕ್ಕೆ ಔಷಧ ಒಂದೇ: ಎರಡು ಸುದ್ದಿಪತ್ರಿಕೆಯ ನಡುವೆ ಇಟ್ಟು, ಮೇಲೆ ಭಾರದ ಪುಸ್ತಕ ಹೇರಿ, ರಾತ್ರಿಯೆಲ್ಲ ಬಿಡುವುದು.

ಈಗ ಕುಸುರೆಳ್ಳು. ಎಳ್ಳಿಗೆ ಸಕ್ಕರೆ ಪಾಕವನ್ನು ಹನಿ ಹನಿಯಾಗಿ ಬಿಡುತ್ತ, ಸಣ್ಣ ಕಾವಿನ ಮೇಲೆ ಬೆರಳಿಂದ ಆಡಿಸುತ್ತ ಮುಳ್ಳು ಎಬ್ಬಿಸುವ ಕೆಲಸ ಎಷ್ಟು ದಿನದ್ದೆಂದು ಮಾಡಿದವರಿಗೆ ಗೊತ್ತು. ಅಂಚೆಯಲ್ಲಿ ಮೊದಲು ಮುರಿಯುವುದೂ ಆ ಮುಳ್ಳೇ. ಹೊಸದಾಗಿ ಮಾಡಿದ್ದನ್ನು ಒಂದು ದಿನ ಅರಿವೆಯ ಮೇಲೆ ಹರಡಿ ಒಣಗಿಸಿ, ಹಸಿ ಉಳಿದರೆ ಅಂಟಿ ಮುದ್ದೆಯಾಗುತ್ತದೆ. ಬಣ್ಣದ್ದು ಬೇಡ, ಬಿಳಿಯದೇ ಇರಲಿ. ಸ್ವಲ್ಪ ತೇವ ತಾಗಿದರೂ ಗುಲಾಬಿ, ಹಸಿರು ಬಣ್ಣ ಕಾಗದಕ್ಕೆ ಇಳಿಯುತ್ತದೆ. ಕೊಬ್ಬರಿ, ಶೇಂಗಾ, ಬೆಲ್ಲ ಸೇರಿದ ಎಳ್ಳುಬೆಲ್ಲವನ್ನಂತೂ ಹಾಕಲೇಬಾರದು. ಕೊಬ್ಬರಿ ಶೇಂಗಾದ ಎಣ್ಣೆ ಎರಡು ದಿನದಲ್ಲಿ ಕಾರ್ಡು, ಪತ್ರ, ಪಾಕೀಟು ಮೂರನ್ನೂ ದಾಟಿ ಜಿಡ್ಡಿನ ಕಲೆ ಮಾಡುತ್ತದೆ, ಬೆಲ್ಲಕ್ಕೆ ಇರುವೆ ಬರುತ್ತವೆ.

ಅರ್ಧ ಟೀ ಚಮಚ ಸಾಕು, ಸುಮಾರು ಎರಡು ಗ್ರಾಂ. ದಪ್ಪ ಕಾಳು ತೆಗೆದಿಟ್ಟು ಮೂರು ಮಿ.ಮೀ. ಒಳಗಿನವನ್ನು ಮಾತ್ರ ಆರಿಸಿ. ಬಟರ್ ಪೇಪರಿನಲ್ಲಿ 50 × 40 ಮಿ.ಮೀ. ಚಪ್ಪಟೆ ಪುಡಿಕೆ ಮಾಡಿ, ಕಾಳು ಒಂದೇ ಪದರಾಗಿ ಹರಡುವಂತೆ ತುಂಬಿ, ಬಾಯಿ ಅಂಟಿಸಿ. ಬಂಗಾರದ ಅಂಗಡಿಯಲ್ಲಿ ಮೂಗುಬಟ್ಟು ಹಾಕಿಕೊಡುವ ಸಣ್ಣ ಪ್ಲಾಸ್ಟಿಕ್ ಚೀಲವೂ ನಡೆಯುತ್ತದೆ, ಒಳಗಿನ ಗಾಳಿ ಪೂರ್ತಿ ಹಿಂಡಿ ತೆಗೆದರೆ ಮಾತ್ರ. ಗಾಳಿ ಉಳಿದ ಚೀಲ ಠಸ್ಸೆ ತಾಗದಿದ್ದರೂ ಕಟ್ಟಿನ ಬಿಗಿಗೆ ಟಪ್ಪೆಂದು ಒಡೆಯುತ್ತದೆ.

ಪುಡಿಕೆಯನ್ನು ಹಾಗೇ ಅಂಟಿಸಿದರೆ ಕಾಳೇ ಭಾರ ಹೊರಬೇಕಾಗುತ್ತದೆ. ಆ ಭಾರ ಹೊರಲು ಒಂದು ಚೌಕಟ್ಟು ಬೇಕು. ಬಿಸ್ಕೀಟು, ಸಾಬೂನು ಬರುವ ಖೋಕಾದ ಅಲೆಅಲೆ ರಟ್ಟು ಇದೆಯಲ್ಲ, ಮೂರು ಪದರಿನದು, ಅದರ ದಪ್ಪ ಹೆಚ್ಚುಕಡಿಮೆ ಮೂರು ಮಿ.ಮೀ. ಹೊರಗೆ 80 × 70, ಒಳಗೆ 52 × 42 ಮಿ.ಮೀ. ಇರುವ ಕಿಟಕಿಯನ್ನು ಅದರಿಂದ ಕತ್ತರಿಸಿ. ಕಿಟಕಿಯೊಳಗೆ ಪುಡಿಕೆ ಕೂಡಬೇಕು, ಕಾಳು ರಟ್ಟಿಗಿಂತ ಮೇಲೆ ಏಳಬಾರದು. ಮೇಲೆ ಪಟ್ಟಿ ಇಟ್ಟು ನೋಡಿ, ಪಟ್ಟಿ ರಟ್ಟಿನ ಮೇಲೆ ಕೂತು ಕಾಳಿಗೆ ತಾಗದಿದ್ದರೆ ಗೆದ್ದಂತೆ. ಈ ಚೌಕಟ್ಟನ್ನು ಕಾರ್ಡಿನ ಒಳಗೆ ಅಂಟಿಸುವಾಗ ಒಮ್ಮೆ ಕಾರ್ಡನ್ನು ಪಾಕೀಟಿಗೆ ಹಾಕಿ, ವಿಳಾಸದ ಬದಿಯಿಂದ ಬೆರಳಿಂದ ಮುಟ್ಟಿ, ಅದು ಎಡಗಡೆ ಕೆಳಗೇ ಬರುತ್ತದೆಂದು ಖಾತ್ರಿ ಮಾಡಿಕೊಳ್ಳಿ. ಮೂರು ಮಿ.ಮೀ. ದಪ್ಪ ಒಳಗೆ ಬಂದದ್ದರಿಂದ ಪಾಕೀಟು ಮೊದಲಿಗಿಂತ ಬಿಗಿಯಾಗುತ್ತದೆ. ಮನೆಯಲ್ಲೇ ಪಾಕೀಟು ಮಾಡುವವರು ಅಗಲ ಎತ್ತರ ಎರಡಕ್ಕೂ ನಾಲ್ಕು ಮಿ.ಮೀ. ಹೆಚ್ಚು ಬಿಡಿ.

ತೂಕ ಕೂಡಿಸಿ ನೋಡೋಣ. ಎ5 ಅಳತೆಯ 250 ಜಿಎಸ್‌ಎಂ ಹಾಳೆ ಸುಮಾರು 8 ಗ್ರಾಂ. ಪಾಕೀಟು 4. ಸಾದಾ 80 ಜಿಎಸ್‌ಎಂನ ಎ5 ಪತ್ರದ ಹಾಳೆ ಎರಡೂವರೆ. ರಟ್ಟಿನ ಕಿಟಕಿ ಒಂದೂವರೆ, ಕುಸುರೆಳ್ಳು 2, ಅಂಟು ಅಲಂಕಾರ 1. ಒಟ್ಟು 19. ಅಂಚೆಯಲ್ಲಿ ಪಾಕೀಟಿಗೆ 20 ಗ್ರಾಂ ತನಕ 5 ರೂಪಾಯಿ, ಆಮೇಲೆ ಪ್ರತಿ 20 ಗ್ರಾಂಗೆ ಮತ್ತೆ 5. ಅಂದರೆ ಈ ಲೆಕ್ಕದಲ್ಲಿ ಮಾಡಿದ ಕಾರ್ಡು ಒಂದೇ ಚೀಟಿಗೆ ಹೋಗುತ್ತದೆ, ಗಾಜಿನ ಮಣಿ ನಾಲ್ಕು ಹೆಚ್ಚಿಗೆ ಹಚ್ಚಿದರೆ ಹೋಗುವುದಿಲ್ಲ. ಚೀಟಿ ಕಡಿಮೆ ಬಿದ್ದರೆ ಕಡಿಮೆ ಬಿದ್ದದ್ದರ ಇಮ್ಮಡಿಯನ್ನು ಪತ್ರ ಪಡೆಯುವವರಿಂದ ವಸೂಲು ಮಾಡುತ್ತಾರೆ. ಹಬ್ಬದ ದಿನ ಬೀಗರಿಗೆ ಆ ಖರ್ಚು ಹಚ್ಚಬಾರದು. ಕೌಂಟರಿನಲ್ಲಿ ತೂಗಿಸಿಯೇ ಚೀಟಿ ಹಚ್ಚಿ.

ಪರದೇಶಕ್ಕೆ ಕಳಿಸುವವರಿಗೆ ಒಂದು ಮಾತು. ಕುಸುರೆಳ್ಳು, ಬನ್ನಿ ಎಲೆ ಯಾವುದನ್ನೂ ಹಾಕಬೇಡಿ. ಬೀಜ, ಎಲೆ, ತಿನಿಸಿನ ಬಗ್ಗೆ ಆಸ್ಟ್ರೇಲಿಯಾದಂಥ ದೇಶಗಳ ನಿಯಮ ಬಹಳ ಬಿಗಿ, ಪತ್ರವೇ ತಡೆಯಲ್ಲಿ ಕೂಡುತ್ತದೆ. ಅವರಿಗೆ ಎಳ್ಳನ್ನು ಬರೆದು ಕಳಿಸಿ.

ಅಲಂಕಾರಕ್ಕೆ ನಮ್ಮ ಮೂರು ಜಿಲ್ಲೆಗಳಲ್ಲಿ ಇರುವಷ್ಟು ಸಾಮಾನು ಯಾವ ಪೇಟೆಯ ಪಾಕೀಟಿನಲ್ಲೂ ಸಿಗುವುದಿಲ್ಲ. ಸಿಂಪಿಗರ ಅಂಗಡಿಯಲ್ಲಿ ಕುಪ್ಪಸ ಹೊಲಿದು ಉಳಿದ ಗುಳೇದಗುಡ್ಡ ಖಣದ ಚಿಂದಿ ಒಂದು ಮುಷ್ಟಿ ಸಿಕ್ಕರೆ ಇಪ್ಪತ್ತು ಕಾರ್ಡು ಆಗುತ್ತವೆ. ಅದರ ಸಣ್ಣ ನೇಯ್ಗೆಯ ಬುಟ್ಟಾ 40 ಮಿ.ಮೀ. ಚೌಕದಲ್ಲೂ ಪೂರ್ತಿ ಕಾಣುತ್ತದೆ, ಅದಕ್ಕೇ ಕಾರ್ಡಿಗೆ ಅದು ಅಷ್ಟು ಒಪ್ಪುತ್ತದೆ. ಆದರೆ ಖಣವನ್ನು ನೇರ ಕತ್ತರಿಸಿದರೆ ಅಂಚಿನ ಎಳೆ ಬಿಚ್ಚುತ್ತ ಹೋಗುತ್ತದೆ, ನೇರ ಫೆವಿಕಾಲ್ ಹಚ್ಚಿದರೆ ಅಂಟು ಮೇಲೆದ್ದು ಬಂದು ಕಪ್ಪು ಕಲೆ ನಿಲ್ಲುತ್ತದೆ. ಮೊದಲು ಚಿಂದಿಯ ಹಿಂಬದಿಗೆ ಮೈದಾ ಅಂಟನ್ನು ತೆಳ್ಳಗೆ ಸವರಿ ನೆರಳಲ್ಲಿ ಒಣಗಿಸಿ, ಮಧ್ಯಮ ಕಾವಿನ ಇಸ್ತ್ರಿ ಹೊಡೆಯಿರಿ. ಹೆಚ್ಚು ಕಾವಾದರೆ ರೇಷ್ಮೆಯ ಹೊಳಪು ಸಾಯುತ್ತದೆ. ಈಗ ಅದು ಕಾಗದದಂತೆ ಗರಿಗರಿ. ಹೇಗೆ ಬೇಕಾದರೂ ಕತ್ತರಿಸಿ, ಎಳೆ ಬಿಚ್ಚುವುದಿಲ್ಲ. ಅಂಟಿಸುವಾಗಲೂ ಮೈದಾ ಅಂಟೇ ಇರಲಿ.

ಇಳಕಲ್ ಸೀರೆಯ ತೋಪ ತೆನಿ ಸೆರಗನ್ನು ಕಾಗದದಲ್ಲಿ ಮಾಡುವುದು ಇನ್ನೂ ಸುಲಭ: ಕೆಂಪು ಕಾಗದದ ಪಟ್ಟಿ, ಅದರ ಮೇಲೆ ಬಿಳಿ ಕಾಗದದ ಚೂಪು ಹಲ್ಲಿನ ಸಾಲು. ನೋಡಿದ ತಕ್ಷಣ ಯಾವ ಸೀಮೆಯ ಕಾರ್ಡೆಂದು ಗೊತ್ತಾಗುತ್ತದೆ. ಕಸೂತಿ ಬಲ್ಲವರು ಕಾರ್ಡಿನ ಮೇಲೇ ಗೋಪುರ, ತುಳಸಿಕಟ್ಟೆ ಹಾಕಬಹುದು. ಗ್ರಾಫ್ ಹಾಳೆಯ ಮೇಲೆ ಚಿತ್ರ ಬರೆದು, ಕಾರ್ಡಿನ ಮೇಲಿಟ್ಟು, ಸೂಜಿಯಿಂದ ತೂತು ಮೊದಲೇ ಚುಚ್ಚಿಕೊಂಡು, ಆಮೇಲೆ ಒಂದೆಳೆ ದಾರ. ತೂತಿನಿಂದ ತೂತಿಗೆ ಎರಡು ಮಿ.ಮೀ. ಅಂತರ ಬೇಕೇ ಬೇಕು. ಅದಕ್ಕಿಂತ ಹತ್ತಿರ ಚುಚ್ಚಿದರೆ ಅಂಚೆಚೀಟಿಯ ಹಾಳೆ ಹರಿದಂತೆ ಸಾಲಾಗಿ ಹರಿಯುತ್ತದೆ.

ಮಕ್ಕಳಿದ್ದ ಮನೆಯಲ್ಲಿ ತೆರೆದರೆ ಎದ್ದು ನಿಲ್ಲುವ ಗೋಳಗುಮ್ಮಟ ಮಾಡಿ. 1656ರಲ್ಲಿ ಮುಗಿದ ಆ ಕಟ್ಟಡದ ರೂಪು ಕತ್ತರಿಗೆ ಹೇಳಿ ಮಾಡಿಸಿದಂತಿದೆ: ನಡುವೆ ಚೌಕ, ಎರಡು ಬದಿಗೆ ಏಳಂತಸ್ತಿನ ಮಿನಾರು, ಮೇಲೆ ಅರ್ಧಗೋಲ. ಇದಕ್ಕೆ ಹಾಳೆ 200 ಜಿಎಸ್‌ಎಂ ಸಾಕು. ಕಾರ್ಡು ಮಡಿಚಿಟ್ಟು, ಮಡಿಕೆಯಿಂದ ಒಳಕ್ಕೆ 30 ಮಿ.ಮೀ. ಉದ್ದದ ಎರಡು ಕತ್ತರಿ ಗೀಟು, ನಡುವೆ 40 ಮಿ.ಮೀ. ಅಂತರ. ತೆರೆದು ಆ ಪಟ್ಟಿಯನ್ನು ಒಳಮುಖಕ್ಕೆ ತಳ್ಳಿದರೆ ಮೆಟ್ಟಿಲಿನಂಥ ಪೆಟ್ಟಿಗೆ ಏಳುತ್ತದೆ. ಅದರ ಮುಂಭಾಗಕ್ಕೆ ಗುಮ್ಮಟ ಅಂಟಿಸಿ. ಎತ್ತರ ಎಷ್ಟಿರಬೇಕೆಂಬಲ್ಲೇ ಎಲ್ಲರೂ ಎಡವುವುದು. ಕಾರ್ಡು ಮುಚ್ಚಿದಾಗ ಗುಮ್ಮಟದ ಬುಡ ಮಡಿಕೆಯಿಂದ 30 ಮಿ.ಮೀ. ದೂರದಲ್ಲಿ ಮಲಗಿ, ತುದಿ ತೆರೆದ ಅಂಚಿನ ಕಡೆ ಚಾಚುತ್ತದೆ. ಕಾರ್ಡಿನ ಅಗಲ 105. ಹಾಗಾಗಿ ಗುಮ್ಮಟ 70 ಮಿ.ಮೀ. ಮೀರಬಾರದು, ಮೀರಿದರೆ ಮುಚ್ಚಿದ ಕಾರ್ಡಿನಿಂದ ಗೋಲದ ತುದಿ ಇಣುಕಿ, ಪಾಕೀಟಿಗೆ ಹಾಕುವಾಗಲೇ ಮುರಿಯುತ್ತದೆ. ಈ ಕಾರ್ಡಿನಲ್ಲಿ ಕುಸುರೆಳ್ಳಿನ ಕಿಟಕಿ ಬೇಡ, ಎರಡೂ ಕೂಡಿದರೆ ಪಾಕೀಟು ಉಬ್ಬುತ್ತದೆ.

ದಸರೆಗೆ "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಎಲೆ ಕಳಿಸುವವರು ಹಸಿ ಎಲೆ ಹಾಕಿದರೆ ಮುಟ್ಟುವಷ್ಟರಲ್ಲಿ ಕರ್ರಗಾಗಿ, ಸಣ್ಣ ಎಲೆಗಳೆಲ್ಲ ಕಡ್ಡಿಯಿಂದ ಉದುರಿರುತ್ತವೆ. ಸುದ್ದಿಪತ್ರಿಕೆಯ ನಡುವೆ ಭಾರ ಹೇರಿ ನಾಲ್ಕೈದು ದಿನ ಒತ್ತಿ, ಎರಡನೆಯ ದಿನ ಹಾಳೆ ಬದಲಿಸಿ, ಆಮೇಲೆ ಕಾರ್ಡಿಗೆ ಅಂಟಿಸಿ ಮೇಲೆ ಬಟರ್ ಪೇಪರ್ ಹೊದಿಸಿ. ಅಂದರೆ ಬನ್ನಿಯನ್ನು ಹಬ್ಬಕ್ಕೆ ಎರಡು ವಾರ ಮೊದಲೇ ತರಬೇಕು. ಬೆಳಗಾವಿಯ ಮರಾಠಿ ಮನೆಗಳವರು ಕೊಡುವ ಆಪಟಾ ಎಲೆ ಅಗಲವಾಗಿ ಚಪ್ಪಟೆ ಇರುವುದರಿಂದ ಒತ್ತಲು ಇನ್ನೂ ಹಗುರ.

ಅಂಚನ್ನು ಕೈಯಿಂದ ಹರಿದು ನಾಜೂಕು ಮಾಡುವ ರೂಢಿ ಈಗ ಬಂದಿದೆ. ಚಂದವೇ ಕಾಣುತ್ತದೆ, ಆದರೆ ಮೂಲೆಯನ್ನು ಮಾತ್ರ ಹರಿಯಬೇಡಿ. ಸಾವಿನ ಸುದ್ದಿಯ ಕಾರ್ಡಿನ ಮೂಲೆ ಹರಿದು ಕಳಿಸುವ ಪದ್ಧತಿ ಇತ್ತು. ಹಿರಿಯರ ಕೈಗೆ ಮೂಲೆ ಹರಿದ ಕಾಗದ ಬಿದ್ದರೆ ಓದುವ ಮೊದಲೇ ಅವರ ಎದೆ ಧಸಕ್ಕೆನ್ನುತ್ತದೆ. ಶುಭದ ಪತ್ರವಾದರೆ ನಾಲ್ಕು ಮೂಲೆಗೆ ಅರಿಷಿಣ ಹಚ್ಚಿ, ಅವರು ಕಣ್ಣಿಂದಲೇ ಅರ್ಧ ಓದಿಬಿಡುತ್ತಾರೆ.

ಇನ್ನು ಬರೆಯುವ ಮಾತು. ಕನ್ನಡಕ್ಕೆ ಸಾಲಿನ ನಡುವೆ ಜಾಗ ಹೆಚ್ಚು ಬೇಕು. ಮೇಲೆ ಗುಡಿಸು, ಏತ್ವ, ಕೆಳಗೆ ಒತ್ತಕ್ಷರ. ಸಾದಾ ನೋಟಬುಕ್ಕಿನ ಸಾಲಿನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತೊಡರಿಕೊಳ್ಳುತ್ತದೆ, ಅಕ್ಷರ ದುಂಡಗಿದ್ದರೂ ಪುಟ ಗಜಿಬಿಜಿ ಕಾಣುತ್ತದೆ. ಒಂದು ಬಿಳಿ ಹಾಳೆಗೆ 10 ಮಿ.ಮೀ. ಅಂತರದ ದಪ್ಪ ಕಪ್ಪು ಗೆರೆ ಎಳೆದು, ಅದನ್ನು ಬರೆಯುವ ಹಾಳೆಯ ಕೆಳಗಿಟ್ಟುಕೊಳ್ಳಿ. 80 ಜಿಎಸ್‌ಎಂ ಹಾಳೆಯಿಂದ ಗೆರೆ ಕಾಣುತ್ತದೆ. ಮುತ್ಯಾನಿಗೋ ಆಯಿಗೋ ಬರೆಯುವಾಗ 12 ಮಿ.ಮೀ. ಮಾಡಿ, ಕಪ್ಪು ಮಸಿ ಹಿಡಿಯಿರಿ. ಮಸಿ ಪೆನ್ನಿನ ಮೊನೆ ಸಣ್ಣದಿರಲಿ, ದಪ್ಪ ಮೊನೆಯಲ್ಲಿ ಣ, ಷ, ಆ, ಈ ಇವುಗಳ ಹೊಟ್ಟೆ ಮಸಿಯಿಂದ ತುಂಬಿಹೋಗುತ್ತದೆ. ಅಗ್ಗದ ಹಾಳೆಯಲ್ಲಿ ಮಸಿ ಬೇರು ಬಿಟ್ಟಂತೆ ಹರಡುತ್ತದೆ, ಮೂಲೆಯಲ್ಲಿ ಒಂದು "ಶ್ರೀ" ಬರೆದು ನೋಡಿಕೊಳ್ಳಿ. ಪತ್ರ ಮಸಿ ಪೆನ್ನಿನಲ್ಲಿ ಇರಲಿ, ವಿಳಾಸ ಮಾತ್ರ ಬಾಲ್‌ಪೆನ್ನಿನಲ್ಲೇ. ಮಸಿ ನೀರಿಗೆ ಕರಗುತ್ತದೆ, ಬಾಲ್‌ಪೆನ್ನಿನ ಮಸಿ ಎಣ್ಣೆಯದು, ಕರಗುವುದಿಲ್ಲ. ಶ್ರಾವಣದಲ್ಲಿ ಪಂಚಮಿಗೆ ಮಳೆ ಸುರಿಯುವ ಖಾನಾಪುರದ ಕಡೆ ಕಳಿಸುವ ಪತ್ರಕ್ಕೆ ಇದು ಅಕ್ಷರಶಃ ಜೀವದ ಮಾತು.

ಏನು ಬರೆಯಬೇಕು? 10 ಮಿ.ಮೀ. ಸಾಲಿನ ಎ5 ಹಾಳೆಯ ಒಂದು ಮಗ್ಗುಲಿಗೆ ಹದಿನೆಂಟು ಸಾಲು, ನೂರಿಪ್ಪತ್ತು ಶಬ್ದ ಹಿಡಿಯುತ್ತವೆ. ಅಷ್ಟೇ ಸಾಕು. "ಉಭಯ ಕುಶಲೋಪರಿ, ನಾವೆಲ್ಲ ಇಲ್ಲಿ ಕ್ಷೇಮ, ನೀವೂ ಕ್ಷೇಮ ಅಂತ ತಿಳಿದೇವಿ, ಹಬ್ಬದ ಶುಭಾಶಯಗಳು" ಎಂದು ಬರೆದರೆ ತಪ್ಪಲ್ಲ, ಆದರೆ ಅದನ್ನು ಯಾರಿಗೆ ಬೇಕಾದರೂ ಕಳಿಸಬಹುದು. ಒಬ್ಬರಿಗೇ ಬರೆದ ಪತ್ರ ಹೀಗಿರುತ್ತದೆ, ತಾಯಿ ಪುಣೆಯಲ್ಲಿ ಓದುವ ಮಗಳಿಗೆ ಬರೆದದ್ದೆಂದು ಇಟ್ಟುಕೊಳ್ಳಿ:

"ಚಿ. ಮಗಳಿಗೆ ಅವ್ವನ ಆಶೀರ್ವಾದಗಳು. ಈಗ ಮುಂಜಾನೆ ಏಳು ಗಂಟೆ, ಪಡಸಾಲ್ಯಾಗ ಕುಂತು ಬರೀಲಿಕ್ಹತ್ತೀನಿ. ನಿಮ್ಮಪ್ಪ ಜ್ವಾಳದ ಹೊಲಕ್ಕ ಹಕ್ಕಿ ಕಾಯಾಕ ನಸಿಕಿನ್ಯಾಗ ಹೋಗ್ಯಾರ. ಸೀತನಿ ಸುಡೂದು ಶುರು ಆಗೇದ, ನಿನ್ನ ನೆನಪಾತು. ಈ ಸಲ ಥಂಡಿ ಭಾಳ, ಅದಕ್ಕ ಕುಸುರೆಳ್ಳಿಗೆ ಮುಳ್ಳು ಛಲೋ ಬಂದಾವ. ನೀ ಬಿಟ್ಟು ಹೋದ ಹಸರ ದುಪ್ಪಟ್ಟಾ ಒಗದು ಮಡಚಿ ಇಟ್ಟೀನಿ. ನಿನ್ನ ಖೋಲಿ ಕಿಡಕ್ಯಾಗ ಮುಂಜಾನಿ ಬಿಸಲ ಬರ್ತದೋ ಇಲ್ಲೋ, ಬರದು ತಿಳಸು."

ಇದರಲ್ಲಿ ಏನಿದೆ ನೋಡಿ. ಬರೆಯುವ ಹೊತ್ತು ಮತ್ತು ಕುಳಿತ ಜಾಗ. ಮನೆಯ, ಹೊಲದ ಒಂದು ಸುದ್ದಿ. ಓದುವವಳದೇ ಒಂದು ವಸ್ತು, ಆ ಹಸಿರು ದುಪ್ಪಟ್ಟಾ. ಕೊನೆಗೆ ಉತ್ತರ ಬೇಡುವ ಒಂದು ಸಣ್ಣ ಪ್ರಶ್ನೆ. "ಹೆಂಗಿದ್ದಿ" ಎಂದು ಕೇಳಿದರೆ "ಆರಾಮ" ಎಂದು ಮುಗಿಯುತ್ತದೆ. ಕಿಟಕಿಯ ಬಿಸಿಲು ಕೇಳಿದರೆ ಅವಳು ಎದ್ದು ಕಿಟಕಿ ನೋಡಬೇಕಾಗುತ್ತದೆ. ಭಾಷೆ ಮನೆಯಲ್ಲಿ ಆಡುವುದೇ ಇರಲಿ. ಪತ್ರ ಅಂದಕೂಡಲೇ ಪುಸ್ತಕದ ಕನ್ನಡಕ್ಕೆ ಹೋಗುವವರ ಅಕ್ಷರದಲ್ಲಿ ಅವರ ದನಿ ಕೇಳಿಸುವುದಿಲ್ಲ. ತಂದೆಗೆ "ತೀರ್ಥರೂಪ", ತಾಯಿಗೆ "ಮಾತೋಶ್ರೀ", ಮದುವೆಯಾದ ಅಕ್ಕನಿಗೆ "ಸೌ." ಎಂಬ ಹಳೆಯ ತಲೆಸಾಲುಗಳನ್ನು ಮಾತ್ರ ಉಳಿಸಿಕೊಳ್ಳಿ, ಓದುವ ಹಿರಿಯರಿಗೆ ಆ ಒಂದು ಸಾಲಿನಲ್ಲೇ ಹಬ್ಬ. ತಪ್ಪಾದರೆ ಒಂದು ಗೆರೆ ಎಳೆದು ಮುಂದೆ ಹೋಗಿ, ಬಿಳಿ ಬಣ್ಣ ಬಳಿಯಬೇಡಿ.

ವಿಳಾಸ ಬೇಗ ಹೇಳಿ ಮುಗಿಸುತ್ತೇನೆ. 1972ರ ಆಗಸ್ಟ್ 15ರಂದು ಬಂದ ಪಿನ್ ಕೋಡು ತಪ್ಪಿಲ್ಲದಿದ್ದರೆ ಉಳಿದದ್ದು ಒಂದಿಷ್ಟು ಹೆಚ್ಚುಕಡಿಮೆಯಾದರೂ ಪತ್ರ ದಾರಿ ಹಿಡಿಯುತ್ತದೆ. ಬೆಳಗಾವಿ 590001, ವಿಜಯಪುರ 586101, ಬಾಗಲಕೋಟೆ 587101. 2014ರಲ್ಲಿ ಬೆಳಗಾಂ ಬೆಳಗಾವಿ ಆಯಿತು, ಬಿಜಾಪುರ ವಿಜಯಪುರ ಆಯಿತು, ಪಿನ್ ಬದಲಾಗಲಿಲ್ಲ, ಹಳೆಯ ಡೈರಿಯ ವಿಳಾಸವೂ ನಡೆಯುತ್ತದೆ. ಹೊರ ರಾಜ್ಯಕ್ಕಾದರೆ ಊರಿನ ಹೆಸರನ್ನು ಇಂಗ್ಲಿಷಿನಲ್ಲೂ ಬರೆಯಿರಿ. ಹಿಂಬದಿಗೆ ನಿಮ್ಮ ವಿಳಾಸ ಇರಲೇಬೇಕು. ಮುಟ್ಟಿದ್ದು ಗೊತ್ತಾಗಲೇಬೇಕೆಂದರೆ ಸ್ಪೀಡ್ ಪೋಸ್ಟ್ ಮಾಡಿ. ರಿಜಿಸ್ಟರ್ ಅಂಚೆ 2025ರಲ್ಲಿ ಅದರೊಳಗೇ ಸೇರಿಹೋಯಿತು. ಮಕ್ಕಳಿಗೆ ರೂಢಿ ಹತ್ತಿಸಬೇಕೆನ್ನುವ ಶಾಲೆಗಳಿಗೆ ಅಂಚೆ ಇಲಾಖೆ 2017ರಿಂದ ನಡೆಸುವ ಢಾಯಿ ಆಖರ್ ಪತ್ರ ಬರೆಯುವ ಸ್ಪರ್ಧೆ ಇದೆ, ಅಲ್ಲಿ ಕನ್ನಡದಲ್ಲೇ ಬರೆಯಬಹುದು.

ಸಂಕ್ರಮಣ ಜನವರಿ 14 ಇಲ್ಲವೇ 15ಕ್ಕೆ. ಜನವರಿ 6, 7ರೊಳಗೆ ಹಾಕಿಬಿಡಿ. ಕುಸುರೆಳ್ಳು ಇರುವ ಪಾಕೀಟನ್ನು ರಸ್ತೆಯ ಡಬ್ಬಿಗೆ ಬಿಡದೆ ಕೌಂಟರಿಗೆ ಒಯ್ದು, "ಕೆಳಗ ಎಡಕ್ಕ ಕುಸುರೆಳ್ಳು ಅದಾವ್ರಿ, ಠಸ್ಸೆ ಮ್ಯಾಲಷ್ಟೇ ಹಾಕ್ರಿ" ಎಂದು ಹೇಳಿ ಕೊಡಿ. ಹೇಳಿದರೆ ಕೇಳುತ್ತಾರೆ.

ಒಳಗೆ ಒಂದು ಖಾಲಿ ಪೋಸ್ಟ್ ಕಾರ್ಡನ್ನೂ ಇಡಿ, ನಿಮ್ಮದೇ ವಿಳಾಸ ಬರೆದು. ಅದರ ಬೆಲೆ 50 ಪೈಸೆ, ತೂಕ ಎರಡೂವರೆ ಗ್ರಾಂ ಆಸುಪಾಸು. ಅದರಿಂದ ನಮ್ಮ 19 ಗ್ರಾಂ ಲೆಕ್ಕ 20 ದಾಟುತ್ತದೆ, ಇನ್ನೊಂದು 5 ರೂಪಾಯಿಯ ಚೀಟಿ ಹಚ್ಚಬೇಕಾಗುತ್ತದೆ. ಹಚ್ಚಿ. ಕಿಟಕಿಯ ಬಿಸಿಲಿನ ಉತ್ತರ ಆ ಕಾರ್ಡಿನಲ್ಲೇ ಬರುವುದು.